ಸದ್ದಿಲ್ಲದ ಗಾಡಿ

ಚಳ್ಳಕೆರೆ
೯ ಫೆಬ್ರವರಿ ೨೦೨೫

ಮಗಳು ಶಿವರಂಜನಿಗೆ,

ಫೋನಿನಲ್ಲಿ ಮುಗಿಯುವ ಮಾತಿಗೆ ಅಪ್ಪ ಯಾಕೆ ಕಾಗದ ಬರೆದ ಎಂದು ನಗಬೇಡ. ಫೋನಿನಲ್ಲಿ ನಿನ್ನ ಮಾತು ನನ್ನ ಕಿವಿಗೆ ಹುರುಳಿ ಹುರಿದ ಹಾಗೆ ಕೇಳುತ್ತದೆ. ನಿಮ್ಮವ್ವನ ಕೈಗೆ ಕೊಟ್ಟರೆ, ನೀನು ಹತ್ತು ಮಾತಾಡಿದ್ದಕ್ಕೆ ಅವಳು ನನಗೆ ಎರಡು ಹೇಳುತ್ತಾಳೆ. ಉಳಿದ ಎಂಟು ಎಲ್ಲಿ ಹೋದವು ಎಂದು ಕೇಳಿದರೆ ನನಗೇ ಅನುಮಾನದ ರೋಗ ಅನ್ನುತ್ತಾಳೆ. ವಾಟ್ಸಾಪಿನಲ್ಲಿ ಹಾಕಿದರೆ ನಿಮ್ಮಣ್ಣ ವೀರೇಶ ನನ್ನ ಫೋನು ತೆಗೆದು ಓದುತ್ತಾನೆ. ಅದಕ್ಕೇ ಈ ಕವರು, ಈ ಅಂಟು. ಉತ್ತರವನ್ನು ಮನೆಗೂ ನಮ್ಮ ಎಣ್ಣೆ ಮಿಲ್ಲಿಗೂ ಹಾಕಬೇಡ. ಇಲ್ಲಿನ ಪೋಸ್ಟಾಫೀಸಿಗೇ ನನ್ನ ಹೆಸರಿಗೆ ಹಾಕು, ಹೋಗಿ ಇಸಕೊಳ್ಳುತ್ತೇನೆ.

ವಿಷಯ ಜೀಪಿನದು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ನನ್ನಿವಾಳದ ಹೊಲದಿಂದ ಬರುತ್ತಿದ್ದೆ. ದನ ಮೇಯುವ ಉಳ್ಳಾರ್ತಿ ಕಾವಲಿನ ಪಕ್ಕದ ಮಣ್ಣುದಾರಿಯಲ್ಲಿ ಅದು ಕೈಕೊಟ್ಟಿತು. ಮುಳುಗುವ ಬಿಸಿಲು ನೆಟ್ಟಗೆ ಕಣ್ಣಿಗೆ ಬೀಳುತ್ತಿತ್ತು, ಮುಂದೆಲ್ಲ ಧೂಳು. ಇದ್ದಕ್ಕಿದ್ದಂತೆ ಗಾಡಿ ಎಗರಿ ಬಲಕ್ಕೆ ಎಳೆಯಿತು. ನಾಲ್ಕೂ ಗಾಲಿಗೆ ಎಳೆತ ಕೊಡುವ ಗೇರು ತಾನಾಗಿಯೇ ಕಳಚಿಕೊಂಡಿರಬೇಕು. ಎಡಗಡೆಯ ದೀಪ ಒಡೆದದ್ದು ಮನೆಗೆ ಬಂದ ಮೇಲೆ ಕಂಡಿತು. ಭೈರವ ಕಂಪನಿ ಎಂದರೆ ಇಷ್ಟು ವರ್ಷ ಕಣ್ಣು ಮುಚ್ಚಿ ನಂಬಿದ್ದೆ. ಅದಕ್ಕೆ ಸಿಕ್ಕ ಫಲ ಇದು.

ಬೇರೆ ಗಾಡಿ ತೆಗೆದುಕೊಳ್ಳುವುದು ಖಚಿತ. ಹೊಲದ ದಾರಿಯಲ್ಲಿ ಹಳ್ಳದ ಮರಳು ನಿನಗೇ ಗೊತ್ತು, ನಾಲ್ಕು ಗಾಲಿಯೂ ಎಳೆಯುವ ಗಾಡಿಯೇ ಆಗಬೇಕು. ಓಡಿಸುವವನು ನಾನೇ. ಎಪ್ಪತ್ತು ದಾಟಿದ ನನಗೆ ಉಳಿದಿರುವ ಸುಖ ಅದೊಂದೇ, ಯಾರ ಅಪ್ಪಣೆಯನ್ನೂ ಕೇಳದೆ ಸ್ಟೇರಿಂಗ್ ಹಿಡಿದು ನನ್ನ ಹೊಲಕ್ಕೆ ನಾನು ಹೋಗಿ ಬರುವುದು. ಅದೂ ಹೋದರೆ ಮಿಲ್ಲಿನ ಮೂಲೆಯಲ್ಲಿ ಕೂತ ಹಿಂಡಿ ಚೀಲಕ್ಕೂ ನನಗೂ ವ್ಯತ್ಯಾಸವಿಲ್ಲ.

ಕಣ್ಣ ಮುಂದೆ ಎರಡಿವೆ. ಒಂದು ಹೊಸ ಭೈರವ, ಇನ್ನೊಂದು ಜಪಾನಿನ ಕೊಮೊರಿ. ನಿಮ್ಮ ರಾಂಪುರ, ಮೊಳಕಾಲ್ಮೂರಿನ ಕಲ್ಲುಗುಡ್ಡದ ಕಡೆ ಎರಡೂ ಓಡಾಡುತ್ತವೆ. ಇಟ್ಟುಕೊಂಡವರನ್ನು ಕೇಳಬೇಡ, ತನ್ನ ಗಾಡಿಯನ್ನು ತಾನೇ ಬೈಯುವವನು ಯಾವನೂ ಇಲ್ಲ. ಮಾರಿ ಕೈತೊಳೆದುಕೊಂಡವರನ್ನು ಹುಡುಕಿ ಕೇಳು. ಚೀಲದ ಮೇಲಿನ ಶೇಂಗಾ ನೋಡಿ ದರ ಹೇಳಿದವನು ಚಳ್ಳಕೆರೆಯಲ್ಲಿ ಉದ್ಧಾರವಾಗಿಲ್ಲ. ಕೈ ತಳಕ್ಕೆ ಹೋಗಬೇಕು.

ಇನ್ನೊಂದು ಮಾತು. ಹೊಸ ಗಾಡಿ ಎಂದರೆ ಬಾಯಿ ಬಿಡುವ ವೀರೇಶ ಈ ಸಲ, "ಈಗ್ಯಾಕೆ ಅವಸ್ರ, ಮಳೆಗಾಲ ಬರ್ಲಿ ಬಿಡ್ರಿ" ಅಂದ. ಇದರ ಹಿಂದೆ ಏನೋ ಇದೆ.

ನಿನ್ನ ಕೈಗೆ ಬಂದ ದನಕರುಗಳೆಲ್ಲ ಎದ್ದು ಓಡಾಡಲಿ ಎಂದು ಹರಸುವ,
ಅಪ್ಪ
ಜಂಬುಲಿಂಗಪ್ಪ


ರಾಂಪುರ
೧೮ ಫೆಬ್ರವರಿ ೨೦೨೫

ಅಪ್ಪಾಜಿಗೆ ರಂಜನಿಯ ನಮಸ್ಕಾರ.

ನೀವು ಹೇಳಿದಂತೆಯೇ ಮಾರಿದವರನ್ನು ಹುಡುಕಿದೆ. ಕಲ್ಲು ಕ್ವಾರಿಯ ಒಬ್ಬರು ಕೊಮೊರಿ ಮಾರಿದ್ದಾರೆ. ಗಾಡಿಯ ಮೇಲೆ ಅವರದೇನೂ ದೂರಿಲ್ಲ. ಒಮ್ಮೆ ಕನ್ನಡಿ ಒಡೆದದ್ದಕ್ಕೆ ಬೇರೆ ಕನ್ನಡಿ ಬರುವ ಹೊತ್ತಿಗೆ ದಸರೆ ಹೋಗಿ ದೀಪಾವಳಿ ಬಂದಿತ್ತಂತೆ, ಆ ಸಿಟ್ಟಿಗೆ ಮಾರಿದರಂತೆ. ಭೈರವ ಮಾರಿದವರು ನನ್ನ ಆಸ್ಪತ್ರೆಗೆ ಕುರಿ ತರುವವರು. "ಡಾಕ್ಟ್ರಮ್ಮ, ಅದು ತಗಡಿನ ಡಬ್ಬ ಇದ್ದಂಗ. ಲೊಡಲೊಡ ಅಂತೈತೆ. ಆದ್ರ ಯಾವ ಹಳ್ಳ್ಯಾಗ ನಿಂತ್ರೂ ಒಂದು ಪಾನಾ ಇದ್ರ ಎಬ್ಬಿಸಬೋದು" ಅಂದರು.

ಇಷ್ಟು ಗಾಡಿಯ ವಿಚಾರ. ನನ್ನ ಮಾತು ಕೇಳುವುದಾದರೆ, ಯಾವುದನ್ನು ಕೊಂಡರೂ ಒಬ್ಬ ಡ್ರೈವರನ್ನು ಇಟ್ಟುಕೊಳ್ಳಿ. ದೇವರ ಗೂಡಿನಲ್ಲಿ ಇಟ್ಟಿರುವ ಕಿವಿಯ ಮಿಷನ್ನನ್ನು ಡಬ್ಬಿಯಿಂದ ಹೊರಗೆ ತೆಗೆಯಿರಿ. ಅದಕ್ಕೆ ಪೂಜೆ ಬೇಕಾಗಿಲ್ಲ.

ಆ ಸಂಜೆ ಗಾಡಿ ಎಗರಿದಾಗ ಇಳಿದು ನೋಡಿದಿರಾ? ದಾರಿಯಲ್ಲಿ ಯಾರಾದರೂ ಇದ್ದರಾ? ಸುಮ್ಮನೆ ಕೇಳಿದೆ.

ನಿಮ್ಮ ಮಗಳು,
ರಂಜನಿ


ಚಳ್ಳಕೆರೆ
೨ ಮಾರ್ಚ್ ೨೦೨೫

ರಂಜನಿ,

ಸುಮ್ಮನೆ ಕೇಳಿದೆಯಾ? ನೀನು ಹುಟ್ಟಿದಾಗಿನಿಂದ ಸುಮ್ಮನೆ ಏನನ್ನೂ ಕೇಳಿದವಳಲ್ಲ. ಇಳಿದು ನೋಡಲಿಲ್ಲ. ನಿಲ್ಲಿಸಿ ಇಳಿದರೆ ಗಾಡಿ ಮತ್ತೆ ಶುರುವಾಗುತ್ತದೋ ಇಲ್ಲವೋ ಎಂಬ ಭಯವಿತ್ತು. ದಾರಿಯಲ್ಲಿ ನನಗೆ ಯಾರೂ ಕಾಣಲಿಲ್ಲ. ಯಾರಾದರೂ ಇದ್ದರು ಎಂದು ನಿನಗೆ ಯಾರು ಹೇಳಿದರು?

ಇಲ್ಲಿ ನಡೆಯುತ್ತಿರುವುದನ್ನು ಕೇಳು. ಜೀಪು ದಾಸಣ್ಣನ ಗ್ಯಾರೇಜಿನಲ್ಲಿದೆ, ಸಾಮಾನು ಸಿಕ್ಕಿಲ್ಲ ಎಂದು ವೀರೇಶ ಹೇಳುತ್ತಾನೆ. ಮೊನ್ನೆ ಹೇಳದೆ ಕೇಳದೆ ಹೋಗಿ ನೋಡಿದೆ. ಜೀಪು ಅಲ್ಲೇ ಇತ್ತು, ದೀಪ ಹೊಸದಿತ್ತು, ಗಾಲಿಯ ಸಂದಿಯಲ್ಲಿ ಹಸಿ ಮಣ್ಣಿತ್ತು. ಚಳ್ಳಕೆರೆಯಲ್ಲಿ ಈಗ ಹಸಿ ಮಣ್ಣು ಎಲ್ಲಿದೆ? ಹಿಂದಿನ ಸೀಟಿನ ಕೆಳಗೆ ಕೈ ಹಾಕಿದೆ. ಶೇಂಗಾ ಹಿಂಡಿಯ ಪುಡಿ ಬಂತು. ದಾಸಣ್ಣನನ್ನು ಕೇಳಿದರೆ, "ನಂಗೇನ್ ಗೊತ್ತು ಯಜಮಾನ್ರೆ, ಸಣ್ಣ ಯಜಮಾನ್ರನ್ನ ಕೇಳ್ರಿ" ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮಿಲ್ಲಿಗೆ ಬಂದು ಹಿಂಡಿ ಚೀಲ ನೋಡಿದರೆ ಕಡಿಮೆ ಇವೆ. ನಿಮ್ಮಣ್ಣ ಕದ್ದು ಮಾರುತ್ತಿದ್ದಾನೆ. ತನ್ನ ಮಿಲ್ಲಿನಲ್ಲಿ ತಾನೇ ಕದಿಯುವವನನ್ನು ಏನನ್ನಬೇಕು? ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಜೀಪು ಸಾಗಿಸಲು ಬೇಕು, ಅದಕ್ಕೇ ಮಳೆಗಾಲದವರೆಗೆ ಬದಲಾಯಿಸಬಾರದು. ಲೆಕ್ಕ ಸರಿಹೋಯಿತಲ್ಲ.

ಇದೂ ಒಂದು ವಿಚಿತ್ರ. ಕಾವಲಿನ ಅಂಚಿನ ಹಟ್ಟಿಯ ಬೊಮ್ಮಣ್ಣ, ಅದೇ ದೇವರ ಎತ್ತುಗಳನ್ನು ಕಾಯುವ ಕಿಲಾರಿ, ಎಲ್ಲಿ ಕಂಡರೂ ನಿಲ್ಲಿಸಿ ಎಲೆಅಡಿಕೆ ಕೇಳುತ್ತಿದ್ದವನು, ಸಂತೆಯಲ್ಲಿ ನನ್ನನ್ನು ಕಂಡು ದಾರಿ ಬದಲಿಸಿದ. ಅವನಿಗೂ ಇದರಲ್ಲಿ ಪಾಲಿರಬೇಕು.

ಕೊಮೊರಿ ಶೋರೂಮಿಗೂ ಹೋಗಿ ಬಂದೆ. ಮಾರುವವನು, "ಒಳಗೆ ಕೂತ್ರೆ ಸದ್ದೇ ಕೇಳಂಗಿಲ್ಲ ಸರ್" ಎಂದು ಕಾಗದದಲ್ಲಿ ಬರೆದು ತೋರಿಸಿದ. ನನಗೆ ಎಲ್ಲ ಗಾಡಿಯೂ ಹಾಗೆಯೇ ಅಲ್ಲವೇನಯ್ಯ ಅಂದೆ. ನಗಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ಓಡಿಸಿ ನೋಡಲು ಕೂತು ಗಾಡಿ ಹಿಂದಕ್ಕೆ ತೆಗೆಯುವಾಗ ಅವನು ನನ್ನ ತೋಳು ಹಿಡಿದ. ಗೋಡೆ ಹತ್ತಿರ ಬಂದರೆ ಗಾಡಿ ತಾನೇ ಕೂಗುತ್ತದಂತೆ, ಕೂಗುತ್ತಲೇ ಇತ್ತಂತೆ. ಗ್ಯಾರಂಟಿ ಕಾಗದದಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ನಕ್ಷತ್ರದ ಗುರುತಿದೆ, ಆ ನಕ್ಷತ್ರದ ಅರ್ಥ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿದೆ. ಭೂತಗನ್ನಡಿ ತೆಗೆದುಕೊಂಡು ಇನ್ನೊಮ್ಮೆ ಹೋಗುತ್ತೇನೆ.

ನೀನಾದರೂ ನಿಜ ಹೇಳುತ್ತೀಯೆಂದು ನಂಬಿರುವ,
ಜಂಬುಲಿಂಗಪ್ಪ


ರಾಂಪುರ
೧೦ ಮಾರ್ಚ್ ೨೦೨೫

ಅಪ್ಪಾಜಿ,

ಅಣ್ಣ ಕಳ್ಳನಲ್ಲ. ಹಿಂಡಿಯ ವಿಚಾರ ಅವನನ್ನು ಕೇಳಬೇಡಿ, ಎಲ್ಲರೆದುರಿಗೆ ಅಂತೂ ಬೇಡವೇ ಬೇಡ. ಊರಿಗೆ ಬಂದಾಗ ನಾನೇ ಎದುರು ಕೂತು ಹೇಳುತ್ತೇನೆ. ಬರೆಯುವ ವಿಷಯವಲ್ಲ.

ಅಲ್ಲಿಯವರೆಗೆ ಯಾವ ಗಾಡಿಯನ್ನೂ ಬುಕ್ ಮಾಡಬೇಡಿ. ಇದೊಂದು ಮಾತು ನಡೆಸಿಕೊಡಿ.

ರಂಜನಿ


ಚಳ್ಳಕೆರೆ
೨೨ ಮಾರ್ಚ್ ೨೦೨೫

ಡಾಕ್ಟರ್ ಶಿವರಂಜನಿಯವರಿಗೆ,

ನೀನೂ ಅವರ ಜೊತೆ ಸೇರಿದ್ದೀಯೆ. ನಾನು ಅಷ್ಟು ಕುರುಡನಲ್ಲ, ಹೋಗಿರುವುದು ಕಿವಿ ಮಾತ್ರ. ನಾನು ಒಳಗೆ ಬಂದ ಕೂಡಲೇ ನಿಮ್ಮವ್ವ, ವೀರೇಶ ಬಾಯಿ ಮುಚ್ಚುತ್ತಾರೆ. ಕಿವುಡನೆದುರು ಬಾಯಿ ಮುಚ್ಚುವ ಅಗತ್ಯವೇನಿದೆ, ಮಾತು ನನ್ನದೇ ಆಗಿರದಿದ್ದರೆ?

ಕೊಮೊರಿ ಬುಕ್ ಮಾಡಿದ್ದೇನೆ. ಯುಗಾದಿಗೆ ಕೊಡುತ್ತಾರೆ. ಆ ದಿನವೇ ಬೇವುಬೆಲ್ಲ ತಿಂದು, ಒಬ್ಬನೇ ಓಡಿಸಿಕೊಂಡು ಅದೇ ಕಾವಲಿನ ದಾರಿಯಲ್ಲಿ ಹೊಲಕ್ಕೆ ಹೋಗುತ್ತೇನೆ. ತಡೆಯುವವರು ದಾರಿಗೆ ಅಡ್ಡ ಬಂದು ನಿಲ್ಲಲಿ.

ಜಂಬುಲಿಂಗಪ್ಪ


ರಾಂಪುರ
೨೪ ಮಾರ್ಚ್ ೨೦೨೫

ಅಪ್ಪಾಜಿ,

ಈ ಕಾಗದವನ್ನು ಪೋಸ್ಟಾಫೀಸಿನಲ್ಲಿ ನಿಂತುಕೊಂಡು ಓದಬೇಡಿ. ಮನೆಗೆ ಹೋಗಿ ಕೂತು ಓದಿ. ಅಂಚೆಗೆ ಹಾಕಿದರೆ ತಡವಾದೀತೆಂದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೋಸ್ಟ್ ಮಾಸ್ತರಿಗೆ ಕಳಿಸುತ್ತಿದ್ದೇನೆ.

ಆ ಸಂಜೆ ಗೇರು ಕಳಚಿರಲಿಲ್ಲ. ದಾಸಣ್ಣ ಬಿಚ್ಚಿ ನೋಡಿದ್ದಾನೆ, ಜೀಪಿನಲ್ಲಿ ಒಂದು ದೋಷವೂ ಇಲ್ಲ. ನೀವು ಒಂದು ದೇವರ ಎತ್ತಿಗೆ ಗುದ್ದಿದಿರಿ.

ಬೊಮ್ಮಣ್ಣ ಎತ್ತುಗಳನ್ನು ರೊಪ್ಪದ ಬೇಲಿಯೊಳಕ್ಕೆ ಹೊಡೆದುಕೊಂಡು ದಾರಿ ದಾಟಿಸುತ್ತಿದ್ದ. ನೀವು ಕಂಡ ಧೂಳು ಅವುಗಳದ್ದು. ಅವನು ಕೂಗಿದ, ಶಿಳ್ಳೆ ಹಾಕಿದ, ಟವೆಲ್ ಬೀಸಿದ. ಕೊನೆಯ ಎತ್ತಿನ ಹಿಂಗಾಲಿನ ಮೇಲಿನ ಚಪ್ಪೆಗೆ ಗಾಡಿಯ ಎಡ ಮೂತಿ ಬಡಿದು ಅದು ಪಕ್ಕದ ಕಾಲುವೆಗೆ ಬಿತ್ತು. ನೀವು ನಿಲ್ಲಿಸಲಿಲ್ಲ. ಬೇಕೆಂದು ಹೋದವರಲ್ಲ ಎಂದು ಅವನಿಗೂ ಗೊತ್ತು.

ಅವನು ಪೊಲೀಸರ ಹತ್ತಿರ ಹೋಗಲಿಲ್ಲ. ಹಟ್ಟಿಯಲ್ಲೂ ಯಾರ ಜೀಪು ಎಂದು ಹೇಳಲಿಲ್ಲ. ನೇರ ಮಿಲ್ಲಿಗೆ ಬಂದು ಅಣ್ಣನನ್ನು ಕಂಡ, ಅಣ್ಣ ನನಗೆ ಫೋನು ಮಾಡಿದ. ಮಾರನೆಯ ಬೆಳಿಗ್ಗೆ ನಾನು ಹೋಗಿ ನೋಡಿದೆ. ಚಪ್ಪೆಯ ಮೂಳೆ ಬಿರುಕು ಬಿಟ್ಟಿದೆ. ಹೂಡುವ ಎತ್ತಾಗಿದ್ದರೆ ಯಾರಾದರೂ ಮಾರಿಬಿಡುತ್ತಿದ್ದರು. ದೇವರಿಗೆ ಬಿಟ್ಟ ಎತ್ತನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಬದುಕಿರುವಷ್ಟು ದಿನ ಇದ್ದಲ್ಲಿಯೇ ಸಾಕಬೇಕು. ಮೇಯಲು ನಡೆದು ಹೋಗಲಾರದ ಎತ್ತಿಗೆ ಮೇವು, ನೀರು ಹೊತ್ತು ತರಬೇಕು. ಹಳ್ಳದ ಮರಳು ದಾಟಿ ಹೊತ್ತು ತರುವ ಗಾಡಿ ಹಟ್ಟಿಯಲ್ಲಿಲ್ಲ. ನಿಮ್ಮ ಹಿಂಡಿ ಹೋದದ್ದು ಅಲ್ಲಿಗೆ. ಜೀಪು ಹೋಗುತ್ತಿರುವುದೂ ಅಲ್ಲಿಗೇ. ಗಾಲಿಯ ಹಸಿ ಮಣ್ಣು ಅದಕ್ಕೆ ನೀರು ತುಂಬಿಕೊಳ್ಳುವ ಕೊಳವೆಬಾವಿಯ ಹತ್ತಿರದ್ದು.

ನಿಮಗೆ ಹೇಳಬೇಡಿ ಎಂದವನು ಬೊಮ್ಮಣ್ಣನೇ. "ಯಜಮಾನ್ರು ಬಸವಣ್ಣನ ಪಾದ ಮುಟ್ಟದೆ ಉಣ್ಣೋರಲ್ಲ. ತಾವೇ ಗುದ್ದಿದ್ದು ಅಂತ ಗೊತ್ತಾದ್ರೆ ಅನ್ನ ಬಿಡ್ತಾರೆ. ಎತ್ತು ಮೊದ್ಲು ಎದ್ದು ನಿಲ್ಲಲಿ ತಾಯಿ" ಅಂದ. ನನಗೂ ಅದೇ ಸರಿ ಅನ್ನಿಸಿತು. ಆದರೆ ನೀವು ಯುಗಾದಿಗೆ ಒಬ್ಬರೇ ಆ ದಾರಿಯಲ್ಲಿ ಹೋಗುತ್ತೇನೆಂದು ಬರೆದಿದ್ದೀರಿ. ಬೊಮ್ಮಣ್ಣನ ಮೊಮ್ಮಕ್ಕಳು ಶಾಲೆಗೆ ನಡೆದು ಹೋಗುವುದು ಅದೇ ದಾರಿಯಲ್ಲಿ. ಅಪ್ಪಾಜಿ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಭಯವಿದೆ.

ನಿಮ್ಮ
ರಂಜನಿ


ರಾಂಪುರ
೧೨ ಏಪ್ರಿಲ್ ೨೦೨೫

ಅಪ್ಪಾಜಿ,

ಯುಗಾದಿಗೆ ನೀವು ಗಾಡಿ ತರಲು ಹೋಗಲಿಲ್ಲ ಎಂದು ಅವ್ವ ಹೇಳಿದಳು. ಯಾರ ಜೊತೆಗೂ ಮಾತಿಲ್ಲವಂತೆ. ಬೈದಾದರೂ ಒಂದು ಸಾಲು ಬರೆಯಿರಿ.

ರಂಜನಿ


ಚಳ್ಳಕೆರೆ
೨೦ ಏಪ್ರಿಲ್ ೨೦೨೫

ಮಗಳೇ,

ನಿನ್ನ ಕಾಗದವನ್ನು ನಾನು ನಂಬಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ಮುದುಕನನ್ನು ಸ್ಟೇರಿಂಗಿನಿಂದ ಇಳಿಸಲು ಮಕ್ಕಳು ಕೂಡಿ ಕಟ್ಟಿದ ಕಥೆ, ಬಸವಣ್ಣನನ್ನು ತಂದರೆ ಬಾಯಿ ಮುಚ್ಚುತ್ತಾನೆ ಎಂದು ಲೆಕ್ಕ ಹಾಕಿದ್ದಾರೆ ಎಂದುಕೊಂಡೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾನು ಇನ್ನೂ ಕಂಡೇ ಇರಲಿಲ್ಲ. ಮೊನ್ನೆ ಯಾರಿಗೂ ಹೇಳದೆ ಬಸ್ಸು ಹತ್ತಿ, ಇಳಿದು ನಡೆದುಕೊಂಡು ಹಟ್ಟಿಗೆ ಹೋದೆ.

ರೊಪ್ಪದ ಹೊರಗೆ ಬೇವಿನ ಮರದ ಕೆಳಗೆ ಎತ್ತು ಮಲಗಿತ್ತು. ಬೆಳ್ಳಗಿದೆ, ಕೊಂಬು ನೀಳ. ಬೊಮ್ಮಣ್ಣ ನನ್ನನ್ನು ನೋಡಿ ಎದ್ದು ನಿಂತ, ಚಪ್ಪಲಿ ಬಿಡಿ ಎಂದು ಕೈಸನ್ನೆ ಮಾಡಿದ. ಆಗಲೂ ನನ್ನ ಹಾಳು ಬುದ್ಧಿ ಸುಮ್ಮನಿರಲಿಲ್ಲ. ಎತ್ತಿಗೆ ಪೆಟ್ಟಾಗಿರುವುದು ನಿಜ, ಆದರೆ ಗುದ್ದಿದ್ದು ನನ್ನ ಜೀಪೇ ಎಂದು ಹೇಳಿದವರು ಯಾರು, ಯಾವುದೋ ಲಾರಿ ಇರಬಹುದಲ್ಲ ಎಂದು ಯೋಚಿಸುತ್ತಾ ನಿಂತಿದ್ದೆ.

ಅಷ್ಟರಲ್ಲಿ ಎತ್ತು ಮೇವು ಮೆಲ್ಲುವುದನ್ನು ನಿಲ್ಲಿಸಿತು. ಎರಡು ಕಿವಿಯೂ ಹಳ್ಳದ ಕಡೆ ನೆಟ್ಟಗಾದವು. ಮುಂಗಾಲು ಊರಿ ಏಳಲು ನೋಡಿತು, ಹಿಂಗಾಲು ಬರಲಿಲ್ಲ, ಮೈಯೆಲ್ಲ ನಡುಗಿತು. ನಾನು ಸುತ್ತ ನೋಡಿದೆ. ನನಗೆ ಏನೂ ಕಾಣಲಿಲ್ಲ, ಕೇಳಲೂ ಇಲ್ಲ. ಬೊಮ್ಮಣ್ಣ ಅದರ ಕುತ್ತಿಗೆ ತಬ್ಬಿ ಹಿಡಿದ. ಎಷ್ಟೋ ಹೊತ್ತಿನ ಮೇಲೆ ಹಳ್ಳದ ಆಚೆ ಬನ್ನಿಮರದ ಹತ್ತಿರ ನಮ್ಮ ಜೀಪು ಬಂದು ನಿಂತಿತು. ವೀರೇಶ ಇಳಿದ. ಹಿಂಡಿ ಚೀಲವನ್ನು ಹೆಗಲ ಮೇಲೆ ಹೊತ್ತು, ಮರಳಿನಲ್ಲಿ ಕಾಲು ಹೂಳುತ್ತಾ ನಡೆದು ಬಂದ. ಮಿಲ್ಲಿನಲ್ಲಿ ಒಂದು ಡಬ್ಬಿ ಎತ್ತಿಡದ ನನ್ನ ಮಗ.

ಬೊಮ್ಮಣ್ಣ ನನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದ: "ದಿನಾ ಹಿಂಗೇ ಯಜಮಾನ್ರೆ. ಬ್ಯಾರೆ ಗಾಡಿಗೆ ಇದು ಹೆದ್ರಂಗಿಲ್ಲ. ನಿಮ್ ಜೀಪಿನ ಸದ್ದು ಕೇಳಿದ್ರೆ ಮಾತ್ರ ಹಿಂಗಾಡ್ತೈತೆ. ಅದಕ್ಕೇ ಸಣ್ಣ ಯಜಮಾನ್ರು ದೂರ ನಿಲ್ಸಿ ಹೊತ್ಕಂಡ್ ಬರ್ತಾರೆ. ಹಿಂಗ್ ಎದ್ದೆದ್ದು ಬಿದ್ರೆ ಮೂಳೆ ಕೂಡಂಗಿಲ್ಲ ಅಂತಾರೆ ಡಾಕ್ಟ್ರಮ್ಮ."

ನಾನು ಅದರ ಪಾದದ ಹತ್ತಿರ ಕೂತು ಅತ್ತೆ. ನಿಮ್ಮಣ್ಣ ಪಕ್ಕದಲ್ಲಿ ಬಂದು ಕೂತ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನು ಇಷ್ಟು ದಿನ ಭೈರವ ಕಂಪನಿಯನ್ನು ಬೈದೆ.

ಗಾಡಿ ಬದಲಾಯಿಸಲೇಬೇಕು, ಆದರೆ ಈಗ ನನಗೆ ಬೇಕಾದ ಗ್ಯಾರಂಟಿಯೇ ಬೇರೆ. ಹಳ್ಳ ದಾಟಿ ಬೇವಿನ ಮರದವರೆಗೆ ಬರಬೇಕು, ಎತ್ತು ಬೆಚ್ಚಬಾರದು. ಕೊಮೊರಿಯ ಸದ್ದು ನಮ್ಮ ಜೀಪಿನದನ್ನು ಹೋಲುತ್ತದೆಯೇ? ಹೊಸ ಭೈರವದ್ದು? ಇದೊಂದನ್ನು ಮಾತ್ರ ನಾನು ಪರೀಕ್ಷೆ ಮಾಡಲಾರೆ. ನೀನು ಬಂದು ಕೇಳಿ ಹೇಳು.

ಅಪ್ಪ


ರಾಂಪುರ
೨೮ ಏಪ್ರಿಲ್ ೨೦೨೫

ಅಪ್ಪಾಜಿ,

ಕಾಲುಬಾಯಿ ಜ್ವರದ ಲಸಿಕೆ ನಡೆಯುತ್ತಿದೆ, ಒಂದು ದಿನವೂ ಬಿಟ್ಟು ಬರುವಂತಿಲ್ಲ. ಬಂದರೂ ನಾನು ಕೇಳಿ ಪ್ರಯೋಜನವಿಲ್ಲ. ನನಗೆ ಬೇರೆ ಅನ್ನಿಸಿದ್ದು ಎತ್ತಿಗೆ ಒಂದೇ ಅನ್ನಿಸಬಹುದು. ಓಡಿಸಿ ನೋಡಲು ಶೋರೂಮಿನವರು ಗಾಡಿ ಕೊಡುತ್ತಾರಲ್ಲ, ಎರಡನ್ನೂ ಹಟ್ಟಿಗೇ ತರಿಸಿ. ನೀವು ಎತ್ತಿನ ಹತ್ತಿರ ನಿಂತು ಅದರ ಕಿವಿ ನೋಡಿ. ಗಾಬರಿಯಾದರೆ ಕೂಡಲೇ ಗಾಡಿ ವಾಪಸ್ ಕಳಿಸಿ.

ಮತ್ತೆ ಅಪ್ಪಾಜಿ, ಊಟ ಮಾಡಿ.

ರಂಜನಿ


ಚಳ್ಳಕೆರೆ
೧೧ ಮೇ ೨೦೨೫

ಮಗಳು ರಂಜನಿಗೆ,

ಊಟ ಮಾಡುತ್ತಿದ್ದೇನೆ. ನಿಮ್ಮವ್ವನನ್ನು ಕೇಳು. ಈ ಕಾಗದವನ್ನು ಅವಳೆದುರಿಗೇ ಬರೆಯುತ್ತಿದ್ದೇನೆ, ನೀನು ಉತ್ತರವನ್ನು ಮನೆಗೇ ಹಾಕಬಹುದು.

ಮೊನ್ನೆ ಎರಡು ಗಾಡಿಯೂ ಬಂದವು. ಎತ್ತಿಗೆ ತೋರಿಸಲು ಎಂದಾಗ ಕೊಮೊರಿಯವನು ನನ್ನ ಮುಖ ನೋಡಿದ ರೀತಿ ನಿಮ್ಮ ಆಸ್ಪತ್ರೆಯಲ್ಲಿ ಹುಚ್ಚುನಾಯಿಯನ್ನು ನೋಡುವ ಹಾಗಿತ್ತು. ಮೊದಲು ಭೈರವ. ಹಳ್ಳದ ಆಚೆ ಇರುವಾಗಲೇ ಎತ್ತಿನ ಕಿವಿ ನೆಟ್ಟಗಾಯಿತು. ಬೊಮ್ಮಣ್ಣ ಕೈ ಬೀಸಿದ, ಅಲ್ಲಿಂದಲೇ ವಾಪಸ್ ಹೋಯಿತು. ಪಾಪ, ಒಳ್ಳೆಯ ಗಾಡಿ. ಅಪ್ಪನ ತಪ್ಪಿಗೆ ಮಗನಿಗೆ ಶಿಕ್ಷೆಯಾದ ಹಾಗಾಯಿತು.

ಎತ್ತು ಸಮಾಧಾನವಾಗಿ ಮತ್ತೆ ಮೆಲುಕು ಹಾಕಲು ತೊಡಗಿದ ಮೇಲೆ ಕೊಮೊರಿಗೆ ಬಾ ಎಂದೆವು. ನಾನು ಹಳ್ಳದ ಕಡೆ ನೋಡಲೇ ಇಲ್ಲ, ಅದರ ಕಿವಿಯನ್ನೇ ನೋಡುತ್ತಾ ನಿಂತೆ. ಒಂದು ಕಿವಿ ಆ ಕಡೆ ತಿರುಗಿತು. ಕಿವಿ ಒಂದು ನೊಣವನ್ನು ಕೊಡವಿ ತನ್ನ ಜಾಗಕ್ಕೆ ಬಂತು. ಬಾಯಿ ಆಡುತ್ತಲೇ ಇತ್ತು. ಇನ್ನೂ ಯಾಕೆ ಬರಲಿಲ್ಲ ಎಂದು ತಿರುಗಿದರೆ ಗಾಡಿ ನನ್ನ ಬೆನ್ನ ಹಿಂದೆಯೇ ನಿಂತಿತ್ತು.

ಯುಗಾದಿಗೆ ನನ್ನ ಹೆಸರಿಗೆ ಬಂದು ಶೋರೂಮಿನಲ್ಲಿ ನಿಂತಿದ್ದ ಗಾಡಿಯೇ ಅದು, ಅದನ್ನೇ ತೆಗೆದುಕೊಂಡೆವು. ಕನ್ನಡಿ ಒಡೆದರೆ ದೀಪಾವಳಿವರೆಗೆ ಕಾಯಬೇಕು ಎಂಬುದು ನೆನಪಿದೆ. ಆ ನಕ್ಷತ್ರಗಳನ್ನೂ ಓದಿದ್ದೇನೆ, ಅವುಗಳ ಮೇಲೆ ನನಗೆ ಈಗಲೂ ನಂಬಿಕೆ ಇಲ್ಲ.

ಹೊರಡುವಾಗ ಮಾರುವವನು ಸ್ಟೇರಿಂಗ್ ಕಡೆಯ ಬಾಗಿಲು ತೆರೆದು ನನ್ನನ್ನು ಕರೆದ. ಸುಳ್ಳು ಹೇಳುವುದಿಲ್ಲ, ಕಾಲು ಆ ಕಡೆಗೇ ಎರಡು ಹೆಜ್ಜೆ ಹಾಕಿತು. ಬೊಮ್ಮಣ್ಣ ನೋಡುತ್ತಿದ್ದ. ಕೀಲಿಕೈಯನ್ನು ಜೊತೆಗೆ ಬಂದಿದ್ದ ವೀರೇಶನಿಗೆ ಕೊಟ್ಟು, ಸುತ್ತು ಹಾಕಿ ಬಂದು ಈ ಕಡೆ ಕೂತೆ. ಈ ಸೀಟಿನಿಂದ ನೋಡಿದರೆ ದಾರಿ ಬೇರೆಯೇ ಥರ ಕಾಣುತ್ತದೆ, ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ. ಬೇಸರವಾ ಎಂದು ನೀನು ಕೇಳುತ್ತೀಯ. ಹೌದು, ಬೇಸರವೇ.

ಹಳ್ಳ ದಾಟುವಾಗ ವೀರೇಶ ನನ್ನ ಕಡೆ ತಿರುಗಿ ಏನೋ ಅಂದ. ಏನಂದೆ ಎಂದು ನಾನು ಕೇಳಲಿಲ್ಲ. ಒಳ್ಳೆಯದನ್ನೇ ಅಂದಿರಬೇಕು.

ನಿನ್ನ ಅಪ್ಪ,
ಜಂಬುಲಿಂಗಪ್ಪ